ಬಿಡುವುದು ಬೇರೆ, ತುಂಬುವುದು ಬೇರೆ

ಗಲ್ಫ್‌ನಲ್ಲಿರುವ ಮಗ ಊರಿನಲ್ಲಿರುವ ತಾಯಿಗೆ ವೀಡಿಯೊ ಕರೆ ಮಾಡುತ್ತಾನೆ. ನಡುವೆ ನೆಟ್‌ವರ್ಕ್ ಕೈಕೊಟ್ಟರೆ ಮಗನ ಮುಖ ಚೌಕ ಚೌಕವಾಗಿ ಒಡೆಯುತ್ತದೆ, ಮಸುಕಾಗುತ್ತದೆ, ಕೊನೆಗೆ ಚಿತ್ರ ನಿಂತೇ ಹೋಗುತ್ತದೆ. ಆದರೆ ದನಿ ಮಾತ್ರ ಬಹುಮಟ್ಟಿಗೆ ಕೇಳುತ್ತಲೇ ಇರುತ್ತದೆ. "ಮುಖ ಕಾಣುತ್ತಿಲ್ಲ ಮಗಾ, ಮಾತಾಡು, ಕೇಳುತ್ತಿದೆ" ಎನ್ನುತ್ತಾಳೆ ತಾಯಿ. ಮುಖ ಹೋದರೂ ಮಾತು ಉಳಿಯಲಿ ಎಂದು ತೀರ್ಮಾನಿಸಿದವರು ಯಾರು? ತಾಯಿಯೂ ಅಲ್ಲ, ಮಗನೂ ಅಲ್ಲ. ಅವರಿಬ್ಬರನ್ನೂ ಎಂದೂ ನೋಡದ ಇಂಜಿನಿಯರ್‌ಗಳು. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ಈ ತೀರ್ಮಾನ ಬರೀ ತಾಂತ್ರಿಕ ವಿಷಯವೇ?

ಮೊದಲು ಯಂತ್ರದ ಕಷ್ಟವನ್ನು ಅರಿಯೋಣ. ಬ್ಯಾಂಕಿನ ಲೆಕ್ಕ ಮಾಡುವ ಕಂಪ್ಯೂಟರ್ ಒಂದು ಪೈಸೆಯನ್ನೂ ತಪ್ಪುವಂತಿಲ್ಲ. ಸ್ವಲ್ಪ ತಡವಾದರೆ ನಾವು ಕಾಯುತ್ತೇವೆ. ಚಲಿಸುವ ಚಿತ್ರದ ನಿಯಮ ಇದಕ್ಕೆ ತದ್ವಿರುದ್ಧ. ಅಲ್ಲಿ ಅಲ್ಪಸ್ವಲ್ಪ ತಪ್ಪಿದರೆ ಯಾರ ಗಮನಕ್ಕೂ ಬಾರದು. ತಡವಾಗಿ ಬಂದ ಚಿತ್ರಕ್ಕೆ ಮಾತ್ರ ಬೆಲೆಯಿಲ್ಲ. ಅದರ ಪ್ರಮಾಣವೋ ಅಗಾಧ. ಅಡ್ಡ 1920, ಉದ್ದ 1080 ಬಿಂದುಗಳ ಚಿತ್ರ ಸೆಕೆಂಡಿಗೆ 25 ಬಾರಿ ಬದಲಾಗಬೇಕಾದರೆ, ಪ್ರತಿ ಬಿಂದುವಿಗೆ 3 ಬೈಟ್‌ನಂತೆ ಸೆಕೆಂಡಿಗೆ 15 ಕೋಟಿ 55 ಲಕ್ಷ ಬೈಟ್‌ಗಳಿಗೂ ಹೆಚ್ಚಾಗುತ್ತದೆ.

ಆದ್ದರಿಂದ ಪ್ರೊಸೆಸರ್‌ನ ವಿನ್ಯಾಸವೇ ಬದಲಾಗಬೇಕಾಯಿತು. ಸಾಮಾನ್ಯ ಪ್ರೊಸೆಸರ್, ಮತ್ತೆ ಬೇಕಾಗಬಹುದೆಂಬ ನಂಬಿಕೆಯಿಂದ ಮಾಹಿತಿಯನ್ನು ಕ್ಯಾಶ್ ಎಂಬ ಸಣ್ಣ ಉಗ್ರಾಣದಲ್ಲಿ ಹತ್ತಿರವೇ ಇಟ್ಟುಕೊಳ್ಳುತ್ತದೆ. ಹೊಳೆಯಂತೆ ಹರಿದು ಬರುವ ಚಿತ್ರ, ಧ್ವನಿಗಳಾದರೋ ಒಮ್ಮೆ ಬಂದು ಬಳಕೆಯಾಗಿ ಹೋಗಿಬಿಡುತ್ತವೆ. 1997ರಲ್ಲಿ ಇಂಟೆಲ್ ಕಂಪೆನಿಯು ಎಂಎಂಎಕ್ಸ್ ಹೆಸರಿನಲ್ಲಿ 57 ಹೊಸ ಆದೇಶಗಳನ್ನು ತಂದಿತು. ಒಂದೊಂದಾಗಿ ಮಾಡುತ್ತಿದ್ದ ಲೆಕ್ಕವನ್ನು 8 ಬೈಟ್‌ಗಳ ಮೇಲೆ ಒಂದೇ ಏಟಿಗೆ ಮಾಡುವುದು ಅದರ ಉಪಾಯ. 1999ರಲ್ಲಿ ಪೆಂಟಿಯಂ 3ರೊಂದಿಗೆ ಬಂದ ಎಸ್‌ಎಸ್‌ಇಯಲ್ಲಿ, ಕ್ಯಾಶ್‌ನ ಜಾಗವನ್ನು ವ್ಯರ್ಥ ಮಾಡದೆ ಫಲಿತಾಂಶವನ್ನು ನೇರವಾಗಿ ಹೊರಗಿನ ಮೆಮೊರಿಗೆ ಕಳುಹಿಸುವ ಆದೇಶಗಳೂ ಇದ್ದವು.

ಎಂಎಂಎಕ್ಸ್‌ನಲ್ಲಿ ಇನ್ನೊಂದು ವ್ಯವಸ್ಥೆಯೂ ಇತ್ತು. ಒಂದು ಬೈಟ್‌ನಲ್ಲಿ 0ಯಿಂದ 255ರ ವರೆಗಿನ ಸಂಖ್ಯೆ ಮಾತ್ರ ಹಿಡಿಯುತ್ತದೆ. ಹಳೆಯ ರೀತಿಯಲ್ಲಿ 200ಕ್ಕೆ 100 ಕೂಡಿಸಿದರೆ ಅದು ತುಂಬಿ ತುಳುಕಿ 44 ಆಗಿಬಿಡುತ್ತದೆ. ಬೆಳ್ಳಗಾಗಬೇಕಾದ ಬಿಂದು ಕಪ್ಪಾಗುತ್ತದೆ. ಹೊಸ ಆದೇಶವು 255ಕ್ಕೆ ನಿಲ್ಲುತ್ತದೆ. ಎರಡೂ ಉತ್ತರ ಸರಿಯಲ್ಲ. ಆದರೆ ತನ್ನ ಮಿತಿಯನ್ನು ಅರಿತು ನಿಲ್ಲುವ ತಪ್ಪಿಗೂ ಮಿತಿ ಮೀರಿ ತಲೆಕೆಳಗಾಗುವ ತಪ್ಪಿಗೂ ಎಷ್ಟೊಂದು ಅಂತರ!

ಇಷ್ಟೆಲ್ಲ ವೇಗ ಬಂದರೂ ಏನನ್ನಾದರೂ ಬಿಡದೆ ಗತ್ಯಂತರವಿರಲಿಲ್ಲ. ಏನನ್ನು ಬಿಡಬಹುದೆಂದು ತಿಳಿಯುವ ದಾರಿಯನ್ನು ತೋರಿಸಿದವರಲ್ಲಿ ಪ್ರಮುಖರು ನಮ್ಮ ಬೆಂಗಳೂರಿನಲ್ಲಿ ಹುಟ್ಟಿ, ಅಮೆರಿಕದ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ನಾಸಿರ್ ಅಹ್ಮದ್. 1972ರಲ್ಲಿ ಅವರು ತಮ್ಮ ಆಲೋಚನೆಗೆ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನ ನೆರವು ಕೇಳಿದರು, ಸಿಗಲಿಲ್ಲ. ಆದರೂ ಅವರು ಕೈಬಿಡಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರ ಜೊತೆಗೂಡಿ 1974ರಲ್ಲಿ 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' ಎಂಬ ಗಣಿತ ವಿಧಾನವನ್ನು ಪ್ರಕಟಿಸಿದರು. ಜೆಪೆಗ್ ಚಿತ್ರಗಳೂ ಎಂಪೆಗ್ ವೀಡಿಯೊಗಳೂ ನಿಂತದ್ದು ಇದರ ಮೇಲೆ. ಚಿತ್ರವನ್ನು 8ಕ್ಕೆ 8ರ ಚೌಕಗಳಾಗಿ ಒಡೆದು, ಪ್ರತಿ ಚೌಕದ ಸ್ಥೂಲ ಅಂಶಗಳನ್ನೂ ಸೂಕ್ಷ್ಮ ಅಂಶಗಳನ್ನೂ ಈ ವಿಧಾನ ಬೇರ್ಪಡಿಸುತ್ತದೆ. ಬಳಿಕ ಕಣ್ಣಿಗೆ ಅಷ್ಟಾಗಿ ಕಾಣದ ಸೂಕ್ಷ್ಮಗಳನ್ನು ಕೈಬಿಡಲಾಗುತ್ತದೆ.

ಇಲ್ಲೊಂದು ಮಾತನ್ನು ಗಮನಿಸಬೇಕು. ಈ ಗಣಿತ ತಾನಾಗಿ ಏನನ್ನೂ ಎಸೆಯುವುದಿಲ್ಲ. ಅಕ್ಕಿಯನ್ನೂ ನುಚ್ಚನ್ನೂ ಬೇರೆ ಮಾಡಿ ಮುಂದಿಡುತ್ತದೆ, ಅಷ್ಟೆ. ನುಚ್ಚನ್ನು ಎಸೆಯುವ ತೀರ್ಮಾನ ಮನುಷ್ಯನದು. ಆದ್ದರಿಂದ ಹೊಣೆಯೂ ಮನುಷ್ಯನದೇ.

ಹಾಗಾದರೆ ಬಿಡುವುದು ಮೋಸವೇ? ನಮಗೆ ಹಾಗೆನಿಸುವುದಿಲ್ಲ. ದೂರದೂರಿಗೆ ಹೋಗುವವನು ಮನೆಯನ್ನೆಲ್ಲ ಹೊತ್ತೊಯ್ಯಲಾರ. ಕೇಳುವವನ ಅಗತ್ಯವನ್ನರಿತು ಮಾತನ್ನು ಸಂಕ್ಷೇಪಿಸುವವನನ್ನು ನಾವು ಸುಳ್ಳುಗಾರ ಎನ್ನುವುದಿಲ್ಲ. ಒಡೆದ ಚೌಕ, ಮಸುಕಾದ ಮುಖ ತಮ್ಮ ಕೊರತೆಯನ್ನು ತಾವೇ ಹೇಳಿಕೊಳ್ಳುತ್ತವೆ: "ನನಗೆ ಇಷ್ಟೇ ಗೊತ್ತು." ಅದೊಂದು ಬಗೆಯ ಪ್ರಾಮಾಣಿಕತೆ.

ಅಪಾಯ ಬರುವುದು ಕೊರತೆಯನ್ನು ಅಂದದಿಂದ ಮುಚ್ಚಿದಾಗ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್, ಝೆರಾಕ್ಸ್ ಕಂಪೆನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ ಅಂಕಿಗಳನ್ನೇ ಬದಲಿಸುತ್ತಿವೆ ಎಂಬುದನ್ನು ಬಯಲಿಗೆಳೆದರು. ಕಟ್ಟಡದ ನಕ್ಷೆಯೊಂದರಲ್ಲಿ ಬೇರೆ ಬೇರೆ ಅಳತೆಯ ಮೂರು ಕೋಣೆಗಳಿಗೂ 14.13 ಚದರ ಮೀಟರ್ ಎಂದೇ ಅಚ್ಚಾಗಿತ್ತು. ಜಾಗ ಉಳಿಸಲೆಂದು, ಒಂದೇ ರೀತಿ ಕಾಣುವ ಆಕಾರಗಳಿಗೆಲ್ಲ ಒಂದೇ ಆಕಾರವನ್ನು ಅಂಟಿಸುವ ವಿಧಾನ ಅದರೊಳಗಿತ್ತು. ಅಂಕಿ ಮಸುಕಾಗಿದ್ದರೆ ಓದುವವನು ಅನುಮಾನಿಸುತ್ತಿದ್ದ. ಆದರೆ ಅದು ಅಚ್ಚುಕಟ್ಟಾಗಿತ್ತು, ಸ್ಫುಟವಾಗಿತ್ತು, ಸುಳ್ಳಾಗಿತ್ತು. ಕಂಪೆನಿ ಆಮೇಲೆ ತಂತ್ರಾಂಶವನ್ನು ತಿದ್ದಿತು. ಅಷ್ಟರಲ್ಲಿ ಎಷ್ಟು ದಾಖಲೆಗಳು ಕೆಟ್ಟವೋ!

ಇಂದಿನ ಪ್ರೊಸೆಸರ್‌ಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಅವು ಬಿಡುವುದಷ್ಟೇ ಅಲ್ಲ, ತುಂಬುತ್ತವೆ ಕೂಡ. ಎನ್‌ವಿಡಿಯ ಕಂಪೆನಿ 2022ರಲ್ಲಿ ತಂದ ಡಿಎಲ್‌ಎಸ್‌ಎಸ್ 3 ತಂತ್ರವು ಆಟದ ಎರಡು ಚಿತ್ರಗಳ ನಡುವೆ, ಅಲ್ಲಿಲ್ಲದ ಮೂರನೆಯದನ್ನು ತಾನೇ ರಚಿಸಿ ಸೇರಿಸುತ್ತದೆ. ಆಟದಲ್ಲಿ ಇದರಿಂದ ಹಾನಿಯಿಲ್ಲ. ಆದರೆ ಸಾಕ್ಷ್ಯದಲ್ಲಿ? 2024ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೊಲೆ ಮೊಕದ್ದಮೆಯೊಂದರಲ್ಲಿ, ಕೃತಕ ಬುದ್ಧಿಮತ್ತೆಯಿಂದ ಸ್ಫುಟಗೊಳಿಸಿದ ಮೊಬೈಲ್ ವೀಡಿಯೊವನ್ನು ಆರೋಪಿಯ ಪರ ವಕೀಲರು ಮುಂದಿಟ್ಟರು. ನ್ಯಾಯಾಧೀಶರು ಅದನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. ಒಬ್ಬ ಮನುಷ್ಯನ ಬದುಕು ತೂಗುತ್ತಿರುವಾಗ, ಕ್ಯಾಮರಾ ಕಂಡದ್ದು ಯಾವುದು, ಯಂತ್ರ ಊಹಿಸಿದ್ದು ಯಾವುದು ಎಂಬುದು ಬೇರೆ ಬೇರೆಯಾಗಿ ತಿಳಿಯಲೇಬೇಕಲ್ಲವೇ?

ಸಾಕ್ಷಿ ಹೇಳುವವನು "ನಾನು ಸರಿಯಾಗಿ ನೋಡಲಿಲ್ಲ" ಎಂದರೆ ಅವನ ಸಾಕ್ಷ್ಯ ದುರ್ಬಲವಾಗಬಹುದು, ಆದರೆ ಅವನು ಕೆಟ್ಟವನಾಗುವುದಿಲ್ಲ. ನೋಡದ್ದನ್ನು ನೋಡಿದಂತೆ ಸೊಗಸಾಗಿ ಹೇಳಿದರೆ ನಿರಪರಾಧಿಯೊಬ್ಬ ಜೈಲು ಸೇರಬಹುದು. ಚಿಪ್ಪಿಗೂ ಇದೇ ನ್ಯಾಯ. ತುಂಬಿದ್ದು ತುಂಬಿದ್ದೆಂದು ಕಾಣುವಂತೆ ಗುರುತು ಉಳಿಯಲಿ, ಮೂಲಪ್ರತಿ ಅಳಿಯದಿರಲಿ ಎಂದು ವಿನ್ಯಾಸಕಾರರನ್ನು ಕೇಳುವ ಹಕ್ಕು ನಮಗಿದೆ.

ಹಾಗೆ ಕೇಳುವ ಮೊದಲು ನಮ್ಮನ್ನೂ ಒಮ್ಮೆ ನೋಡಿಕೊಳ್ಳೋಣ. ಅರ್ಧ ಕೇಳಿದ ಸುದ್ದಿಗೆ ಉಳಿದರ್ಧವನ್ನು ನಾವೇ ಸೇರಿಸಿ, ನೆರೆಯವನ ಬಗ್ಗೆ ಪೂರ್ಣ ಕಥೆಯಾಗಿ ದಾಟಿಸುವುದಿಲ್ಲವೇ? ಆ ತಾಯಿಗೆ ಮಗನ ಮಸುಕು ಮುಖವೇ ಸಾಕು. ಯಂತ್ರವು ತುಂಬಿ ಕೊಟ್ಟ ನಗು ಆಕೆಗೆ ಬೇಡ. ಮಗ ನಿಜಕ್ಕೂ ಅಳುತ್ತಿದ್ದರೆ ಅದು ಆಕೆಗೆ ಗೊತ್ತಾಗಬೇಕು.