ರಕ್ತದ ಲೆಕ್ಕ ಬರೆದವರು

1977ರಲ್ಲಿ ಅಮೆರಿಕದ ಲೂಸಿಯಾನ ರಾಜ್ಯದ ಗೃಹಿಣಿಯೊಬ್ಬರಿಗೆ ಪಾಸ್‌ಪೋರ್ಟ್ ಬೇಕಿತ್ತು. ಜನನ ಪ್ರಮಾಣಪತ್ರಕ್ಕೆಂದು ಸರ್ಕಾರಿ ಕಚೇರಿಗೆ ಹೋದರು. ಬಿಳಿಯರ ನಡುವೆ ಬೆಳೆದವರು, ಬಿಳಿಯರನ್ನೇ ಮದುವೆಯಾದವರು, ತಾನು ಬಿಳಿಯಳೆಂಬ ಬಗ್ಗೆ ಎಂದೂ ಅನುಮಾನ ಪಡದವರು. ಕಚೇರಿಯ ದಾಖಲೆಯಲ್ಲಿ ಅವರ ತಂದೆ ತಾಯಿ ಇಬ್ಬರೂ ಕರಿಯರೆಂದು ಬರೆದಿತ್ತು. ತಿದ್ದಿಕೊಡಿ ಎಂದು ಕೇಳಿದರು. ಸರ್ಕಾರ ಒಪ್ಪಲಿಲ್ಲ. ವಿಷಯ ಕೋರ್ಟಿಗೆ ಹೋಯಿತು. ಸರ್ಕಾರದ ಪರ ವಂಶಾವಳಿ ಜಾಲಾಡಿದವರು ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗಿ, ಒಬ್ಬ ಫ್ರೆಂಚ್ ತೋಟದೊಡೆಯನನ್ನೂ ಒಬ್ಬ ಗುಲಾಮ ಹೆಂಗಸನ್ನೂ ಪತ್ತೆಹಚ್ಚಿದರು. ಲೆಕ್ಕ ಹಾಕಿ, ಈಕೆಯಲ್ಲಿ 3/32 ಪಾಲು ಕರಿಯರ ರಕ್ತವಿದೆ ಎಂದರು. 1970ರ ಕಾನೂನಿನ ಪ್ರಕಾರ 1/32ಕ್ಕಿಂತ ಹೆಚ್ಚಿದ್ದರೆ ಅಂಥವರು ಕರಿಯರು. 1983ರಲ್ಲಿ ಆಕೆ ಸೋತರು. ಅದೇ ವರ್ಷ ಶಾಸನಸಭೆ ಆ ಕಾನೂನನ್ನು ರದ್ದು ಮಾಡಿತು, ಆದರೆ ದಾಖಲೆ ಮಾತ್ರ ಬದಲಾಗಲಿಲ್ಲ. 1986ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೇಲ್ಮನವಿಯನ್ನು ವಿಚಾರಣೆಗೇ ಎತ್ತಿಕೊಳ್ಳಲಿಲ್ಲ.

ಮೂವತ್ತೆರಡು ಎಂದರೆ ಅಜ್ಜ ಅಜ್ಜಿಯರಿಂದಲೂ ಮೂರು ತಲೆಮಾರು ಮೇಲಿನವರು. ಅಷ್ಟೂ ಜನರ ಹೆಸರು ಹೇಳಬಲ್ಲವರು ನಮ್ಮಲ್ಲಿ ಯಾರಿದ್ದಾರೆ? ಉಳಿದ ಇಪ್ಪತ್ತೊಂಬತ್ತು ಪಾಲಿಗೆ ಆ ಕೋರ್ಟಿನಲ್ಲಿ ಬೆಲೆಯೇ ಇರಲಿಲ್ಲ. ಇದನ್ನು ವಿಜ್ಞಾನವೆಂದು ಯಾರೂ ನಂಬಲಾರರು. ಇದು ಆಸ್ತಿಯ ಲೆಕ್ಕ. ಆ ಲೆಕ್ಕದ ಪುಸ್ತಕ ತೆರೆದದ್ದು ಮುನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ.

ಇಂಗ್ಲಿಷರ ಪದ್ಧತಿಯಲ್ಲಿ ಮಗುವಿನ ಅಂತಸ್ತು ತಂದೆಯಿಂದ ಬರುತ್ತಿತ್ತು. 1662ರಲ್ಲಿ ವರ್ಜೀನಿಯ ವಸಾಹತು ಇದನ್ನು ತಿರುವುಮುರುವು ಮಾಡಿತು. ತಾಯಿ ಗುಲಾಮಳಾದರೆ ಮಗುವೂ ಗುಲಾಮ. ತಂದೆ ಯಾರೆಂದು ಕೇಳುವಂತಿಲ್ಲ. ಒಡೆಯ ತನ್ನ ತೋಟದ ಹೆಂಗಸಿನ ಮೇಲೆ ಕೈಹಾಕಿದರೆ ಹುಟ್ಟುವ ಕೂಸು ಅವನ ವಾರಸುದಾರನಾಗದೆ ಅವನ ಸೊತ್ತಾಯಿತು. 1808ರಲ್ಲಿ ಆಫ್ರಿಕದಿಂದ ಹೊಸ ಗುಲಾಮರನ್ನು ತರುವುದು ನಿಷೇಧವಾದ ಮೇಲೆ ಇಂಥ ಹೆರಿಗೆಗಳ ಬೆಲೆ ಇನ್ನೂ ಏರಿತು.

ಈ ಏರ್ಪಾಡು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಥಾಮಸ್ ಜೆಫರ್ಸನ್ ಮನೆಯಲ್ಲೇ ನೋಡಬಹುದು. ಎಲ್ಲ ಮನುಷ್ಯರೂ ಸಮಾನರೆಂದು ಸಾರಿದ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದವನು ಆತ. ಅವನ ಮನೆಯ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್, ಅವನ ಹೆಂಡತಿಗೆ ಒಂದೇ ತಂದೆಯ ಮಗಳು, ಎಂದರೆ ಮಲತಂಗಿ. ಸ್ಯಾಲಿಯ ಅಜ್ಜ ಅಜ್ಜಿಯರಲ್ಲಿ ಮೂವರು ಬಿಳಿಯರು. ಜೆಫರ್ಸನ್‌ನಿಂದ ಆಕೆಗೆ ಹುಟ್ಟಿ ದೊಡ್ಡವರಾದ ನಾಲ್ವರು ಮಕ್ಕಳು ಎಂಟರಲ್ಲಿ ಏಳು ಪಾಲು ಬಿಳಿಯರು. ಆಗಿನ ವರ್ಜೀನಿಯ ಕಾನೂನಿನ ಪ್ರಕಾರ ಕಾಲು ಪಾಲಿಗಿಂತ ಕಡಿಮೆ ಕರಿಯರ ರಕ್ತವಿದ್ದವರು ಬಿಳಿಯರೇ. ಎಂದರೆ ಆ ಮಕ್ಕಳು ಒಂದು ಕಾನೂನಿನಲ್ಲಿ ಬಿಳಿಯರು, ಇನ್ನೊಂದರಲ್ಲಿ ತಂದೆಯ ಗುಲಾಮರು. ಸ್ವತಂತ್ರರಾದ ಮೇಲೆ ಮೂವರು ಬಿಳಿಯರ ಲೋಕದೊಳಗೆ ಸೇರಿಹೋದರು. ಎಸ್ಟನ್ ಎಂಬವನು ವಿಸ್ಕಾನ್ಸಿನ್‌ಗೆ ಹೋಗಿ ಜೆಫರ್ಸನ್ ಎಂಬ ಅಡ್ಡಹೆಸರನ್ನೇ ಇಟ್ಟುಕೊಂಡ. ಮ್ಯಾಡಿಸನ್ ಒಬ್ಬನೇ ಕರಿಯರ ನಡುವೆ ಉಳಿದು, 1873ರಲ್ಲಿ ತನ್ನ ತಂದೆ ಯಾರೆಂದು ಪತ್ರಿಕೆಯೊಂದರಲ್ಲಿ ಹೇಳಿದ. ಬಹುಕಾಲ ಇತಿಹಾಸಕಾರರು ಅವನನ್ನು ನಂಬಲಿಲ್ಲ. 1998ರಲ್ಲಿ ಎಸ್ಟನ್ ವಂಶಸ್ಥರೊಬ್ಬರ ಡಿಎನ್‌ಎ ಪರೀಕ್ಷೆಯಾದ ಮೇಲೆ ಇತಿಹಾಸಕಾರರಲ್ಲಿ ಹೆಚ್ಚಿನವರು ಒಪ್ಪಿದರು. ಒಂದೇ ತಾಯಿ, ಒಂದೇ ತಂದೆ. ಆದರೂ ಅಣ್ಣ ಕರಿಯ, ತಮ್ಮ ಬಿಳಿಯ.

ಇದು ಆಸ್ತಿಯ ಲೆಕ್ಕ ಎಂಬುದಕ್ಕೆ ಇನ್ನೊಂದು ಸಂಗತಿ ನನಗೆ ಇನ್ನೂ ದೊಡ್ಡ ಸಾಕ್ಷಿ ಎನಿಸುತ್ತದೆ. ಕರಿಯನೆನಿಸಿಕೊಳ್ಳಲು ಒಂದು ತೊಟ್ಟು ರಕ್ತ ಸಾಕೆಂದ ದೇಶವೇ ಮೂಲನಿವಾಸಿ ಎನಿಸಿಕೊಳ್ಳಲು ರಕ್ತ ಸಾಲದು ಎನ್ನುತ್ತ ಬಂತು. ಅರ್ಧ ಇದೆಯೇ, ಕಾಲು ಇದೆಯೇ ಎಂದು ಅಳೆಯಿತು. ಕಾರಣ ಸ್ಪಷ್ಟ. ಕರಿಯರು ಹೆಚ್ಚಿದಷ್ಟೂ ಬಿಟ್ಟಿ ದುಡಿಮೆ ಹೆಚ್ಚುತ್ತಿತ್ತು, ಮೂಲನಿವಾಸಿಗಳು ಹೆಚ್ಚಿದಷ್ಟೂ ನೆಲದ ಮೇಲೆ ಹಕ್ಕು ಕೇಳುವವರು ಹೆಚ್ಚುತ್ತಿದ್ದರು.

ಗುಲಾಮಗಿರಿ ಹೋದ ಮೇಲೂ ಲೆಕ್ಕ ನಿಲ್ಲಲಿಲ್ಲ, ಬಿಗಿಯಾಯಿತು. 1924ರ ವರ್ಜೀನಿಯ ಕಾನೂನು ಒಂದು ತೊಟ್ಟಿನ ನಿಯಮವನ್ನೇ ಬರಹಕ್ಕಿಳಿಸಿತು. ಜನನ ಮರಣ ನೋಂದಣಿಯ ಮುಖ್ಯಸ್ಥನಾಗಿದ್ದ ವಾಲ್ಟರ್ ಪ್ಲೆಕರ್ ಆ ವರ್ಷ ಒಬ್ಬ ತಾಯಿಗೆ ಬರೆದ ಕಾಗದ ಉಳಿದಿದೆ. ನಿನ್ನ ಮಗು ಮಿಶ್ರ ರಕ್ತದ್ದು, ಬಿಳಿಯ ಮಕ್ಕಳ ಜೊತೆ ಬೆರೆಯಕೂಡದು, ಅವರ ಶಾಲೆಗೆ ಹೋಗಕೂಡದು, ದೊಡ್ಡದಾದ ಮೇಲೆ ಬಿಳಿಯರನ್ನು ಮದುವೆಯಾಗುವಂತಿಲ್ಲ ಎಂದು ಅದರಲ್ಲಿ ಎಚ್ಚರಿಸಿದ್ದಾನೆ. ಎಳೆಗೂಸಿನ ಇಡೀ ಬಾಳನ್ನು ಒಂದು ಸರ್ಕಾರಿ ಹಾಳೆಯಲ್ಲಿ ಮುಗಿಸಿಬಿಟ್ಟ. ಅದೇ ಕಾನೂನಿನಲ್ಲಿ, ಮೂಲನಿವಾಸಿ ಪೊಕಹೊಂಟಸ್‌ಳ ವಂಶದವರೆಂದು ಹೇಳಿಕೊಳ್ಳುತ್ತಿದ್ದ ಸಿರಿವಂತ ಬಿಳಿಯರಿಗೆ 1/16 ಪಾಲಿನ ವಿನಾಯಿತಿ ಇತ್ತು. 1967ರಲ್ಲಿ ಸುಪ್ರೀಂ ಕೋರ್ಟ್ ಅಡ್ಡಬರುವವರೆಗೂ ವರ್ಜೀನಿಯದಲ್ಲಿ ಬಿಳಿಯರೂ ಕರಿಯರೂ ಪರಸ್ಪರ ಮದುವೆಯಾಗುವುದು ಅಪರಾಧವೇ ಆಗಿತ್ತು.

ಇಷ್ಟೇ ಆಗಿದ್ದರೆ ಇದು ಬರೀ ಕ್ರೌರ್ಯದ ಕತೆ. ಆದರೆ ಗೆರೆಯ ಒಳಗೆ ಅಟ್ಟಲ್ಪಟ್ಟವರು ಸುಮ್ಮನೆ ಕೂರಲಿಲ್ಲ. ಎಣ್ಣೆಗಪ್ಪಿನಿಂದ ಹಾಲುಬಿಳುಪಿನವರೆಗೆ ಎಲ್ಲ ಬಣ್ಣದವರನ್ನೂ ಒಳಗೆ ಕರೆದುಕೊಂಡು ಅಲ್ಲೊಂದು ಮನೆ ಕಟ್ಟಿದರು. ತಮ್ಮದೇ ಚರ್ಚು, ತಮ್ಮದೇ ಕಾಲೇಜು, ತಮ್ಮದೇ ಹಾಡು. ಆ ಮನೆಯೊಳಗೂ ತಿಳಿಬಣ್ಣಕ್ಕೆ ಮಣೆ ಹಾಕುವ ಚಾಳಿ ಇತ್ತು, ಅದನ್ನು ಮುಚ್ಚಿಡಬೇಕಿಲ್ಲ. ಆದರೂ ಅದು ಮನೆಯೇ. 1892ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹೋಮರ್ ಪ್ಲೆಸಿ ಬಿಳಿಯರ ರೈಲುಡಬ್ಬಿ ಹತ್ತಿ ಕೂತಾಗ ಅವನ ಎಂಟು ಪಾಲಿನಲ್ಲಿ ಏಳು ಬಿಳಿಯರದೇ. ಬಾಯಿ ಬಿಡದಿದ್ದರೆ ಊರು ಮುಟ್ಟುತ್ತಿದ್ದ. ಬೇಕೆಂದೇ ತಾನು ಯಾರೆಂದು ಹೇಳಿ ಬಂಧನಕ್ಕೊಳಗಾದ. 1896ರಲ್ಲಿ ಸುಪ್ರೀಂ ಕೋರ್ಟ್ ಅವನ ವಿರುದ್ಧ ತೀರ್ಪು ಕೊಟ್ಟಿತು. ಲೂಸಿಯಾನ ರಾಜ್ಯ ಅವನಿಗೆ ಕ್ಷಮಾದಾನ ಕೊಟ್ಟದ್ದು 2022ರಲ್ಲಿ. ವಾಲ್ಟರ್ ವೈಟ್ ಎಂಬಾತನಿಗಂತೂ ನೀಲಿ ಕಣ್ಣು, ಹೊಂಬಣ್ಣದ ಕೂದಲು. ಕರಿಯರನ್ನು ಗುಂಪು ಕಟ್ಟಿ ಕೊಂದ ಊರುಗಳಿಗೆ ಬಿಳಿಯನಂತೆ ಹೋಗಿ, ಕೊಂದವರ ಬಾಯಿಂದಲೇ ಸತ್ಯ ತೆಗೆದು ಜಗತ್ತಿಗೆ ತಿಳಿಸುತ್ತಿದ್ದ. ಕರಿಯರ ಹಕ್ಕುಗಳ ದೊಡ್ಡ ಸಂಘಟನೆಯನ್ನು 1955ರಲ್ಲಿ ಸಾಯುವತನಕ ನಡೆಸಿದ. ಹೊರಗೆ ಹೋಗುವ ಬಾಗಿಲು ತೆರೆದೇ ಇದ್ದರೂ ಇವರು ಹೋಗಲಿಲ್ಲ. ಇಂಥವರು ‘ನಾನು ಕರಿಯ’ ಎಂದರೆ ಅದರಲ್ಲಿ ಕಾನೂನಿಗೆ ಶರಣಾದದ್ದು ಏನೂ ಇಲ್ಲ. ಅವರು ತಮ್ಮ ಜನರ ಜೊತೆ ನಿಂತರು.

ಒಬ್ಬ ವ್ಯಕ್ತಿಯನ್ನು ಹೊರಗಿನವರು ಕರಿಯನೆಂದು ಬರೆಯುವುದೂ ಅವನೇ ತಾನು ಕರಿಯನೆನ್ನುವುದೂ ಒಂದೇ ಅಲ್ಲ. ಅಮೆರಿಕದ ಜನಗಣತಿ 2000ದಿಂದ ಒಂದಕ್ಕಿಂತ ಹೆಚ್ಚು ಜನಾಂಗ ಗುರುತು ಮಾಡಲು ಅವಕಾಶ ಕೊಟ್ಟಿದೆ. 2010ರಲ್ಲಿ ಬರಾಕ್ ಒಬಾಮ, ಬಿಳಿಯ ತಾಯಿಯ ಮಗ, ಕರಿಯ ಎಂಬ ಒಂದಕ್ಕೇ ಗುರುತು ಹಾಕಿದರು. ಇನ್ನೊಬ್ಬರು ಎರಡಕ್ಕೂ ಹಾಕಬಹುದು. ಎರಡೂ ಸರಿ, ಏಕೆಂದರೆ ಆ ಬದುಕನ್ನು ಬದುಕಿದವರು ಅವರೇ. ಸರಿಯಲ್ಲದ್ದು 2024ರ ಜುಲೈನಲ್ಲಿ ಷಿಕಾಗೋದಲ್ಲಿ ನಡೆಯಿತು. ಕರಿಯ ಪತ್ರಕರ್ತರ ಸಮಾವೇಶದ ವೇದಿಕೆಯ ಮೇಲೆ ಡೊನಾಲ್ಡ್ ಟ್ರಂಪ್, ಕಮಲಾ ಹ್ಯಾರಿಸ್ ಇದ್ದಕ್ಕಿದ್ದಂತೆ ಕರಿಯಳಾದಳು ಎಂದರು. ಜಮೈಕದ ತಂದೆ, ತಮಿಳು ತಾಯಿ, ಕರಿಯರಿಗಾಗಿ ಕಟ್ಟಿದ ಹೊವಾರ್ಡ್ ವಿಶ್ವವಿದ್ಯಾಲಯದ ಓದು, ಇಷ್ಟಿದ್ದವರನ್ನು ಮತ್ತೆ ರಕ್ತದ ಪುರಾವೆ ಕೇಳುವುದು ಪ್ಲೆಕರ್‌ನ ಕುರ್ಚಿಯಲ್ಲಿ ಕೂತು ಆಡುವ ಮಾತು.

ಆ ಕುರ್ಚಿಯಲ್ಲಿ ನಾವೂ ಕೂರುತ್ತೇವೆ. ಕಮಲಾ ಅವರ ತಾತನ ಊರು ತುಳಸೇಂದ್ರಪುರದಲ್ಲಿ ಪೂಜೆ ನಡೆದಾಗ ದೇಶವೇ ‘ನಮ್ಮ ಮಗಳು’ ಎಂದಿತು. ಆಕೆಯ ತಂದೆಯ ಬಣ್ಣದವರು ಬೆಂಗಳೂರಲ್ಲಿ ಬಾಡಿಗೆ ಮನೆ ಕೇಳಿದರೆ ಹೇಗೆ ನೋಡುತ್ತೇವೆ? 2016ರ ಜನವರಿ ಕೊನೆಯಲ್ಲಿ ಹೆಸರಘಟ್ಟದ ಕಡೆ ಸುಡಾನಿನ ಒಬ್ಬನ ಕಾರು ಬಡಿದು ಮಹಿಳೆಯೊಬ್ಬರು ಸತ್ತರು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ, ಆ ಅಪಘಾತಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಗುಂಪು ಬಿತ್ತು. ದೇಶ ಬೇರೆ, ಭಾಷೆ ಬೇರೆ. ಗುಂಪಿಗೆ ಬಣ್ಣವೊಂದೇ ಸಾಕಾಯಿತು. ಯಲ್ಲಾಪುರ, ಹಳಿಯಾಳದ ಆಫ್ರಿಕ ಮೂಲದ ಸಿದ್ದಿಗಳು ತಲೆತಲಾಂತರದಿಂದ ಇಲ್ಲಿಯವರು, ಕೊಂಕಣಿ ಕನ್ನಡ ಆಡುವವರು. ಊರು ದಾಟಿ ಬಂದರೆ ಅವರಿಗೂ ‘ಯಾವ ದೇಶ?’ ಎಂಬ ಪ್ರಶ್ನೆ ಎದುರಾಗುತ್ತದೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲೂ ಈಗ ಕರಿಯ ಅಳಿಯ, ಕರಿಯ ಸೊಸೆ ಇದ್ದಾರೆ, ಮೊಮ್ಮಕ್ಕಳಿದ್ದಾರೆ. ಇಂಥ ಮನೆಯ ಅಜ್ಜ ಅಜ್ಜಿಯರಲ್ಲಿ ನನ್ನದೊಂದು ವಿನಂತಿ. ಮೊಮ್ಮಗ ಶಾಲೆಯಿಂದ ಬಂದು ‘ಅಜ್ಜೀ, ನಾನು ಬ್ಲ್ಯಾಕ್’ ಎಂದರೆ, ‘ಅಲ್ಲ ಪುಟ್ಟಾ, ನೀನು ಅರ್ಧ ನಮ್ಮವನು’ ಎಂದು ತಿದ್ದಬೇಡಿ. ಅವನು ಪೂರ್ತಿ ನಿಮ್ಮವನು, ಪೂರ್ತಿ ಅವರವನೂ ಹೌದು. ಇಂದು ಶಾಲೆಯಲ್ಲಿ ಏನಾಯಿತು ಎಂದು ಕೇಳಿ, ಅವನು ಹೇಳಿ ಮುಗಿಸುವತನಕ ಕೂತು ಕೇಳಿಸಿಕೊಳ್ಳಿ.