ಹಳಬನ ಔದಾರ್ಯ, ಹೊಸಬನ ಸಾಲ

ನಮ್ಮೂರಿನ ಹಳೆಯ ಅಂಚೆಯಣ್ಣ ಕಾಗದ ಕೊಟ್ಟು ಸುಮ್ಮನೆ ಹೋಗುವವನಲ್ಲ. ಓದು ಬಾರದ ನಮ್ಮಜ್ಜಿಗೆ ಜಗಲಿಯ ಮೇಲೆ ಕೂತು ಅದನ್ನು ಓದಿ ಹೇಳಿ, ಮಜ್ಜಿಗೆ ಕುಡಿದು ಏಳುತ್ತಿದ್ದ. ಅವನು ನಿವೃತ್ತನಾದ ಮೇಲೆ ಬಂದ ಹೊಸಬ ಕಾಗದವನ್ನು ಕೈಗಿತ್ತು ಸೈಕಲ್ ಹತ್ತಿದ. 'ಸೊಕ್ಕಿನವನು' ಎಂದಳು ಅಜ್ಜಿ.

ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವ ನನಗೆ ಈ ಪ್ರಸಂಗದ ಅರ್ಥ ತಿಳಿಯಲು ಬಹಳ ವರ್ಷ ಬೇಕಾಯಿತು. ನಮ್ಮ ಕಸುಬಿನಲ್ಲಿ ಇಂಟರ್‌ಫೇಸ್, ಕ್ಲಾಸ್ ಎಂಬ ಎರಡು ಮಾತುಗಳಿವೆ. ಏನೇನು ಮಾಡಿಕೊಡಬೇಕೆಂಬ ಕರಾರು ಇಂಟರ್‌ಫೇಸ್. ಅದನ್ನು ನಿಜವಾಗಿ ಮಾಡುವ ಆಸಾಮಿ ಕ್ಲಾಸ್. ಆಸಾಮಿಯನ್ನಲ್ಲ, ಕರಾರನ್ನು ನೆಚ್ಚಬೇಕೆಂಬುದು 1994ರಲ್ಲಿ ಗಾಮಾ ಮತ್ತು ಮೂವರು ಸಂಗಡಿಗರು ಬರೆದ 'ಡಿಸೈನ್ ಪ್ಯಾಟರ್ನ್ಸ್' ಪುಸ್ತಕ ಹೇಳಿದ ಬುದ್ಧಿವಾದ. ಹಾಗೆ ಮಾಡಿದರೆ ಆಸಾಮಿ ಬದಲಾದರೂ ಕೆಲಸ ಕೆಡುವುದಿಲ್ಲ.

ನಾನೂ ಜಾವಾ ಭಾಷೆಯ 'ಲಿಸ್ಟ್' ಎಂಬ ಇಂಟರ್‌ಫೇಸನ್ನು ನೆಚ್ಚಿ ಬರೆದಿದ್ದೆ. ಅದರ ಹಿಂದೆ ದುಡಿಯುತ್ತಿದ್ದುದು ಅರೇಲಿಸ್ಟ್ ಎಂಬ ಕ್ಲಾಸು. ಎಷ್ಟನೆಯ ಹೆಸರು ಕೇಳಿದರೂ ಥಟ್ಟನೆ ಕೊಡುವಂಥದು. ಜೊತೆಯ ಹುಡುಗನೊಬ್ಬ ತನ್ನ ಕೆಲಸಕ್ಕೆ ಅನುಕೂಲವೆಂದು ಅದನ್ನು ತೆಗೆದು ಲಿಂಕ್ಡ್‌ಲಿಸ್ಟ್ ಇಟ್ಟ. ಇದಾದರೋ ಪ್ರತಿ ಸಲವೂ ಹತ್ತಿರದ ತುದಿಯಿಂದ ಒಂದೊಂದೇ ಕೊಂಡಿ ಎಣಿಸುತ್ತ ಹೋಗಬೇಕು. ಒಂದು ಲಕ್ಷ ಹೆಸರುಗಳನ್ನು ಸಂಖ್ಯೆ ಹಿಡಿದು ಒಂದೊಂದಾಗಿ ಕೇಳಿದರೆ ಸುಮಾರು 250 ಕೋಟಿ ಹೆಜ್ಜೆ! ಉತ್ತರವೇನೋ ಸರಿಯಾಗಿಯೇ ಬರುತ್ತಿತ್ತು. ಆದರೆ ಬೆಳಗಾಗುವಷ್ಟರಲ್ಲಿ ಸಿದ್ಧವಾಗಬೇಕಿದ್ದ ಹತ್ತಾರು ಪಟ್ಟಿಗಳು ಹತ್ತು ಗಂಟೆಯಾದರೂ ಮುಗಿಯಲಿಲ್ಲ. ನಾಲ್ವರ ಮುಂದೆ ಹುಡುಗನನ್ನು ಗದರಿದೆ. ಅವನು ತಲೆ ತಗ್ಗಿಸಿ ನಿಂತ.

ಆಮೇಲೆ ಲಿಸ್ಟ್‌ನ ವಿವರಣೆಯನ್ನು ತೆಗೆದು ಓದಿದೆ. ಕೆಲವು ಕ್ಲಾಸುಗಳಲ್ಲಿ ಹೀಗೆ ಹೊತ್ತು ಹಿಡಿದೀತೆಂದು, ಲಿಂಕ್ಡ್‌ಲಿಸ್ಟಿನ ಹೆಸರು ಹೇಳಿಯೇ ಅಲ್ಲಿ ಎಚ್ಚರಿಸಿದ್ದರು. ಹುಡುಗ ಯಾವ ಕರಾರನ್ನೂ ಮುರಿದಿರಲಿಲ್ಲ. ಕರಾರಿನಲ್ಲಿಲ್ಲದ ವೇಗವನ್ನು ನನ್ನ ಹಕ್ಕೆಂದುಕೊಂಡವನು ನಾನು. ಬಾಯಲ್ಲಿ ಇಂಟರ್‌ಫೇಸ್, ಒಳಗೊಳಗೆ ನೆಚ್ಚಿಕೊಂಡದ್ದು ಕ್ಲಾಸನ್ನೇ.

ಅಜ್ಜಿ ಮಾಡಿದ್ದೂ ಅದನ್ನೇ. ಹಳಬನ ಔದಾರ್ಯವನ್ನು ಹೊಸಬನ ಸಾಲವೆಂದು ಬರೆದುಕೊಂಡಳು. ಕಾಗದ ಮುಟ್ಟಿಸಿದವನು ತನ್ನ ಕೆಲಸದಲ್ಲಿ ಏನು ತಪ್ಪಿದ್ದ? ಕರಾರು ಬೇಕು ನಿಜ, ಅದಿಲ್ಲದೆ ಲೋಕ ನಡೆಯದು. ಆದರೆ ನಮ್ಮ ಬದುಕು ಕರಾರಿನಲ್ಲಿಲ್ಲದ ಎಷ್ಟೋ ಉಪಕಾರಗಳ ಮೇಲೆ ನಿಂತಿರುತ್ತದೆ. ತೀರ ಬೇಕಾದುದನ್ನು ಮೊದಲೇ ಕೇಳಿ ಬರೆಸಿಕೊಳ್ಳಬೇಕು. ಕೇಳದೆ ದೊರೆತದ್ದಕ್ಕೆ ಋಣಿಯಾಗಿರಬೇಕು.

ತಪ್ಪು ನನ್ನದೆಂದು ಆ ಹುಡುಗನಿಗೆ ಅದೇ ನಾಲ್ವರ ಮುಂದೆ ಹೇಳಿದೆ. ಹೇಳಲು ಎರಡು ದಿನ ಹಿಡಿಯಿತು.