ಆಚೆಯವರ ಕಿವಿ

ಹ್ಯಾಮ್ ರೇಡಿಯೋದಲ್ಲಿ ಮಾತಾಡಿದ ಇಬ್ಬರು ಆಮೇಲೆ ಅಂಚೆಯಲ್ಲಿ ಕಾರ್ಡು ಕಳಿಸಿಕೊಳ್ಳುವ ರೂಢಿಯಿದೆ. ಅದರ ಹೆಸರು ಕ್ಯುಎಸ್‌ಎಲ್ ಕಾರ್ಡು. ತಂತಿಭಾಷೆಯಲ್ಲಿ ಆ ಮೂರಕ್ಷರಕ್ಕೆ ‘ಸಂದೇಶ ಮುಟ್ಟಿತು’ ಎಂದರ್ಥ. ಕಿವಿಯಾರೆ ಕೇಳಿದ್ದಾಯಿತಲ್ಲ, ಮತ್ತೆ ಕಾಗದವೇಕೆ? ಪ್ರಶ್ನೆ ಹಳೆಯದು. ಜ್ಞಾನ ತಾನಾಗಿಯೇ ಪ್ರಮಾಣ, ಬಾಧಕ ಎದುರಾಗುವ ತನಕ ನಂಬಬೇಕು ಎಂಬುದು ಮೀಮಾಂಸಕರ ವಾದ. ಪ್ರಾಮಾಣ್ಯ ಬೇರೊಂದರಿಂದ ಸಿದ್ಧವಾಗಬೇಕು ಎನ್ನುವವರು ನೈಯಾಯಿಕರು. ಮೇಲ್ನೋಟಕ್ಕೆ ಹ್ಯಾಮ್‌ಗಳು ನೈಯಾಯಿಕರ ಪಾಳಯದವರೇ. ಆದರೆ ಕಾರ್ಡಿನ ಸಾಕ್ಷ್ಯ ಇರುವುದು ನನಗೆಂದೂ ಪ್ರತ್ಯಕ್ಷವಾಗದ ಸಂಗತಿಯೊಂದರ ಬಗ್ಗೆ: ನನ್ನ ದನಿ ಆಚೆಯವರ ಕಿವಿಗೆ ಬಿತ್ತೇ? ಗದ್ದಲದ ಬ್ಯಾಂಡಿನಲ್ಲಿ ಹತ್ತಾರು ಜನ ಒಟ್ಟಿಗೆ ಕರೆಯುತ್ತಿರುವಾಗ ಭಾರತದ ಎಷ್ಟೋ ಕರೆಸಂಕೇತಗಳ ಮೊದಲ ತುಣುಕಾದ ‘ವಿಯು2’ ಎಂಬಷ್ಟೇ ಉತ್ತರ ಬಂದು ಉಳಿದದ್ದು ಸದ್ದಿನಲ್ಲಿ ಮುಳುಗಿತು ಎನ್ನಿ. ಅದು ಬೆಂಗಳೂರಿನವರಿಗೋ ಚೆನ್ನೈಯವರಿಗೋ? ಇಬ್ಬರೂ ತಮಗೇ ಎಂದು ಬರೆದುಕೊಳ್ಳಬಹುದು, ಇಬ್ಬರೂ ಪ್ರಾಮಾಣಿಕರೇ. ತೀರ್ಪು ಆಚೆಯವರ ಲಾಗ್ ಪುಸ್ತಕದಲ್ಲಿದೆ. ವಿಷಯವನ್ನು ತಾನೇ ಕಂಡು, ಕಂಡಂತೆ ತಿಳಿಸಬಯಸುವವನು ಆಪ್ತ ಎನ್ನುತ್ತಾನೆ ನ್ಯಾಯಭಾಷ್ಯದ ವಾತ್ಸ್ಯಾಯನ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದೂ ಸೇರಿಸುತ್ತಾನೆ. ಮುಖ ಕಾಣದ ಪರದೇಶಿಯ ಕಾರ್ಡನ್ನು ನಂಬಲು ಇಷ್ಟು ಉದಾರವಾದ ಆಧಾರ ಸಾಕು.

ಆ ಕಾರ್ಡಿಗೆ ಸಾಕ್ಷಿ ಯಾರು, ಅದಕ್ಕೂ ಇನ್ನೊಂದು ಬೇಕಾದರೆ ಅನವಸ್ಥೆಯಲ್ಲವೇ ಎಂದು ಕೇಳಬಹುದು. ಒಬ್ಬರನ್ನೊಬ್ಬರು ನೋಡದೆ, ಆ ಹೊತ್ತಿನಲ್ಲೇ ಬರೆದಿಟ್ಟ ಎರಡು ದಾಖಲೆಗಳು ಕೂಡಿಬಂದರೆ ಸರಪಳಿ ಅಲ್ಲಿಗೆ ನಿಲ್ಲುತ್ತದೆ. ಕೂಡಿಬರುವುದೇನು ಸುಲಭವಲ್ಲ. ಕಾರ್ಡಿನಲ್ಲಿ ನಡೆಯುವುದು ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯ. ಸೋಮವಾರ ನಸುಕಿನ 4 ಗಂಟೆಗೆ ಬೆಂಗಳೂರಿನಿಂದ ಮಾತಾಡಿದವರು ಭಾನುವಾರದ ತಾರೀಕು ಹಾಕಿ 22.30 ಎಂದು ಬರೆಯಬೇಕು. ಗೋಡೆಯ ಗಡಿಯಾರ ನೋಡಿ ಸೋಮವಾರವೆಂದರೆ ಆಚೆಯವರ ಪುಸ್ತಕದ ಆ ಪುಟದಲ್ಲಿ ಅವರಿಲ್ಲ. ಇನ್ನು, ಸ್ಪರ್ಧೆಗಳಲ್ಲಿ ಸಿಕ್ಕವರಿಗೆಲ್ಲ ಕಣ್ಣುಮುಚ್ಚಿ 59 ಎಂಬ ಪೂರ್ಣಾಂಕ ಕೊಡುತ್ತಾರೆ, ಇಂಥವರು ಆಪ್ತರೇ ಎಂಬ ಆಕ್ಷೇಪ. ದನಿಯ ಸ್ಪಷ್ಟತೆ, ಬಲದ ಮಟ್ಟಿಗೆ ಅದು ಉಪಚಾರದ ಸುಳ್ಳು, ಒಪ್ಪಬೇಕು. (ಮದುವೆಮನೆಯಲ್ಲಿ ‘ಊಟ ಚೆನ್ನಾಗಿತ್ತು’ ಎಂದಂತೆ.) ಕೇಳಿಸಿತು ಎಂಬ ಮಾತು ಅದರಿಂದ ಸುಳ್ಳಾಗದು, ಊಟ ಮಾಡಿದ್ದಂತೂ ನಿಜ ತಾನೆ.

ಕಂಪ್ಯೂಟರ್ ಬಂದ ಮೇಲೆ ಇದೆಲ್ಲ ಬರಿಯ ಕಾಗದದ ಮೋಹ ಎನ್ನುವವರೂ ಇದ್ದಾರೆ. ಅಮೆರಿಕದ ಎಆರ್‌ಆರ್‌ಎಲ್ ಸಂಸ್ಥೆ 2003ರಿಂದ ನಡೆಸುತ್ತಿರುವ ‘ಲಾಗ್‌ಬುಕ್ ಆಫ್ ದಿ ವರ್ಲ್ಡ್’ನಲ್ಲಿ ಕಾರ್ಡೂ ಇಲ್ಲ, ಅಂಚೆಚೀಟಿಯೂ ಇಲ್ಲ. ಆದರೂ ಒಬ್ಬರೇ ದಾಖಲೆ ಸೇರಿಸಿದರೆ ಸಂಪರ್ಕ ಖಚಿತವಾಗುವುದಿಲ್ಲ. ಇನ್ನೊಬ್ಬರದೂ ಬಂದು ಹೊಂದುವವರೆಗೆ ಅದು ಹಾಗೇ ಕಾಯುತ್ತಿರುತ್ತದೆ.